ಪಕ್ಕದ ಹಾಸಿಗೆಯ ಚಂದ್ರ

ಮಗಳಿಗಿನ್ನೂ ಹಲ್ಲು ಮೂಡದ ಕಾಲದಲ್ಲಿ ಅಪ್ಪ ಅವಳಿಗೊಂದು ಮಾತು ಕೊಟ್ಟಿದ್ದ. ಆಗ ಅವಳಿಗೆ ಎಚ್ಚರವಾದ ಕೂಡಲೇ ಪಕ್ಕದಲ್ಲಿ ಯಾರಾದರೂ ಇರಬೇಕಿತ್ತು. ಇಲ್ಲದಿದ್ದರೆ ಗೋಡೆ ಬಿರಿಯುವ ಹಾಗೆ ಅಳುತ್ತಿದ್ದಳು. ಒಂದು ಸಲ ಅವನು ಸ್ನಾನಕ್ಕೆ ಹೋಗಿದ್ದಾಗ ಹಾಗೇ ಆಯಿತು. ಮೈಯೆಲ್ಲ ಸೋಪಿನ ನೊರೆ ಹೊತ್ತುಕೊಂಡೇ ಓಡಿ ಬಂದು, ಎತ್ತಿಕೊಂಡು, ಕಣ್ಣೀರಿಳಿದು ಒದ್ದೆಯಾದ ಆ ಪುಟ್ಟ ಕಿವಿಯೊಳಗೆ ಹೇಳಿದ: "ಆಯ್ತು ಕಂದಾ, ಆಯ್ತು. ಇನ್ಮೇಲೆ ನೀನು ಯಾವಾಗ ಎದ್ರೂ ಅಪ್ಪ ಪಕ್ಕದಲ್ಲೇ ಇರ್ತಾನೆ."

ಆವತ್ತಿನಿಂದ ಅದು ಜೋಗುಳದ ಬಾಲವಾಯಿತು. ದೀಪ ಆರಿಸುವಾಗ ಹೇಳುವುದು, ಹೊದಿಕೆ ಎಳೆಯುವಾಗ ಹೇಳುವುದು, ತೂಕಡಿಸುತ್ತಲೇ ಹೇಳುವುದು. ಹೇಳಿ ಹೇಳಿ ಅವನ ನಾಲಿಗೆಗೆ ಅದು ಎಷ್ಟು ಸಲೀಸಾಯಿತೆಂದರೆ, ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂದು ಆಮೇಲೆ ನೆನಪಾಗುವುದಿಲ್ಲವಲ್ಲ, ಹಾಗೆ, ಹೇಳಿದೆನೋ ಇಲ್ಲವೋ ಎಂಬುದೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಈಗ ಅವಳಿಗೆ ನಾಲ್ಕು ತುಂಬಿದೆ. ನಿಂತಲ್ಲಿ ನಿಲ್ಲದ ಹುಡುಗಿಯೆಂದು ಮನೆಯಲ್ಲಿ ಮಿಡತೆ ಎಂದೇ ಕರೆಯುವುದು. ಅಮ್ಮ ಊರೊಳಗೆ ಬಸ್ಸು ಓಡಿಸುತ್ತಾಳೆ. ಅವಳ ಪಾಳಿ ಬೆಳಕು ಹರಿಯುವ ಮೊದಲೇ ಶುರು. ಅಪ್ಪ ಒಂದು ಸಣ್ಣ ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಾನೆ. ಹಾಗಾಗಿ ಮಿಡತೆ ಹಗಲೆಲ್ಲ ಶಿಶುವಿಹಾರದಲ್ಲಿ.

ಆ ಶಿಶುವಿಹಾರಕ್ಕೂ ಊರಿನ ಇನ್ನೂ ಹಲವು ಶಿಶುವಿಹಾರಗಳಿಗೂ ಸಾಫ್ಟ್‌ವೇರ್ ಮಾಡಿಕೊಟ್ಟದ್ದು ಅವನ ಕಂಪನಿಯೇ. ಮಕ್ಕಳನ್ನು ನೋಡಿಕೊಳ್ಳುವ ಆಂಟಿಯ ಕೈಯಲ್ಲಿ ಒಂದು ಟ್ಯಾಬ್ ಇರುತ್ತದೆ. ಮಗು ಉಂಡರೆ ಬಟ್ಟಲು, ಆಡಿದರೆ ಚೆಂಡು, ಮಲಗಿದರೆ ಚಂದ್ರ. ಚಿತ್ರವನ್ನು ಒತ್ತಿದರೆ ಸಾಕು. ಒತ್ತಿದಾಗಲೆಲ್ಲ ಡೇಟಾಬೇಸಿನಲ್ಲಿ ಒಂದು ಸಾಲು ಹುಟ್ಟುತ್ತದೆ. ಆ ಸಾಲುಗಳನ್ನು ಹುಡುಕಿ ಓದಿ, ಎಲ್ಲೋ ಕೆಲಸದಲ್ಲಿರುವ ಅಪ್ಪ ಅಮ್ಮಂದಿರ ಫೋನಿಗೆ, ಮಗುವಿನ ಫೋಟೋ ಪಕ್ಕದಲ್ಲಿ ಆ ಚಿತ್ರ ಮೂಡಿಸುವುದು ಒಂದು ಸ್ಟೋರ್ಡ್ ಪ್ರೊಸೀಜರ್. ಡೇಟಾಬೇಸಿನ ಹೊಟ್ಟೆಯೊಳಗೇ ಬರೆದಿಟ್ಟ ಕೆಲಸದ ಕ್ರಮ ಅದು. ಹೆಸರು ಹಿಡಿದು ಕರೆದರೆ ಏಳುತ್ತದೆ, ಹೇಳಿದ್ದನ್ನು ಮಾಡುತ್ತದೆ, ಮತ್ತೆ ಮಲಗುತ್ತದೆ. ಅದನ್ನು ಬರೆದವನು ಇವನೇ. ಮಿಡತೆ ಆಗಿನ್ನೂ ಹುಟ್ಟಿರಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿಗಳು ಮುಚ್ಚಿದ ಮೇಲೆ ಇಡೀ ಆಫೀಸಿಗೆ ಒಂದು ಜೊಂಪು ಹತ್ತುತ್ತಿತ್ತು. ಕಿಟಕಿಯ ಪರದೆ ಉಬ್ಬಿ ಇಳಿದು ಉಸಿರಾಡುತ್ತಿತ್ತು. ಕೀಲಿಮಣೆಗಳ ಸದ್ದು ದೂರದ ಸೂರಿನಿಂದ ಬೀಳುವ ಹನಿಗಳಂತೆ ವಿರಳವಾಗುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಮೇಜಿನ ಮೇಲಿನ ಫೋನು ಮಿಣುಕುತ್ತಿತ್ತು: ಮಿಡತೆಯ ಫೋಟೋ, ಪಕ್ಕದಲ್ಲಿ ಹಳದಿ ಚಂದ್ರ.

ಅಪ್ಪನ ದಿನದಲ್ಲಿ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹಾಡುಹಗಲಲ್ಲಿ ಅಂಗೈ ಮೇಲೆ ಚಂದ್ರನನ್ನು ಇಟ್ಟುಕೊಂಡು ಅವನು ಕಣ್ಣು ಅರೆ ಮುಚ್ಚುತ್ತಿದ್ದ. ಶಿಶುವಿಹಾರದ ಮಲಗುವ ಕೋಣೆ ತೇಲಿ ಬರುತ್ತಿತ್ತು. ಸಾಲು ಹಾಸಿಗೆಗಳು, ಎಳೆದ ಪರದೆ, ಹಸಿರು ನೆರಳು. ಬಾಯಿ ಚೂರು ತೆರೆದುಕೊಂಡು ಮಲಗಿದ ಮಿಡತೆ. ವರ್ಷಗಳಿಂದ ಸರಿಯಾಗಿ ನಿದ್ದೆ ಕಾಣದ ಅವನಿಗೆ, ಅವಳ ನಿದ್ದೆಯಲ್ಲಿ ಒಂದು ಗುಟುಕು ತನ್ನ ಪಾಲಿಗೂ ಬಂದಂತೆ ಮೈ ಹಗುರಾಗುತ್ತಿತ್ತು.

ಸಂಜೆ ಕರೆದುಕೊಂಡು ಬರುವಾಗ ಮಾತ್ರ ಮಿಡತೆ ಬಸ್ಸಿನಲ್ಲಿ ಕೂತ ಕೂಡಲೇ ಅವನ ತೋಳಿಗೆ ಒರಗಿ, ಒದ್ದೆ ಬಟ್ಟೆಯ ಹಾಗೆ ಕುಸಿದುಬಿಡುತ್ತಿದ್ದಳು.

"ಮಧ್ಯಾಹ್ನ ಮಲಗಿದ ಮಗು ಹೀಗೆ ಬೀಳಲ್ಲ ಕಣ್ರೀ," ಎಂದಳು ಹೆಂಡತಿ ಒಂದು ದಿನ, ಮಗಳ ಕಾಲಿಂದ ಚಪ್ಪಲಿ ಬಿಚ್ಚುತ್ತಾ. "ನಿದ್ದೆಗೆಟ್ಟ ಡ್ರೈವರ್ ಮುಖ ನನಗೆ ಗೊತ್ತಾಗಲ್ವಾ? ದಿನಾ ಡಿಪೋದಲ್ಲಿ ನೋಡ್ತೀನಿ. ಇವಳದ್ದು ಅದೇ ಮುಖ."

"ಬೆಳೆಯೋ ವಯಸ್ಸು ಕಣೇ. ನೋಡು ಇಲ್ಲಿ." ಅವನು ಫೋನು ಚಾಚಿದ. "ಮೊನ್ನೆ ಚಂದ್ರ, ನಿನ್ನೆ ಚಂದ್ರ, ಇವತ್ತೂ ಚಂದ್ರ."

"ನಿಮ್ಮ ಚಂದ್ರನ್ನ ನೀವೇ ಇಟ್ಕೊಳ್ಳಿ. ಮಗು ಕಣ್ಣ ಕೆಳಗೆ ನೋಡಿ."

ಅವನು ನೋಡಿದ. ಕಣ್ಣ ಕೆಳಗಿನ ನೆರಳಿಗಿಂತ ಫೋನಿನ ಚಂದ್ರ ಹೆಚ್ಚು ಹೊಳೆಯುತ್ತಿದ್ದ. ಚಂದ್ರನನ್ನೇ ನಂಬಿದ.

ಹೀಗಿರುವಾಗ ಒಂದು ಬೆಳಿಗ್ಗೆ ಆಫೀಸಿಗೆ ಕರೆ ಬಂತು. ಎತ್ತಿದವನು ತಾತ. ತಾತ ಎಂದರೆ ಮುದುಕನಲ್ಲ. ಇನ್ನೂ ಮದುವೆಯಾಗದ ಸಹೋದ್ಯೋಗಿ. ತಲೆ ಮೇಲಿನ ಬೆಳೆ ಬೇಗ ಕಟಾವಾಗಿ, ನಡಿಗೆಯೂ ನಿಧಾನವಾದ್ದರಿಂದ ಆ ಬಿರುದು. ಅವನು ಫೋನಿನ ಬಾಯಿಗೆ ಅಂಗೈ ಮುಚ್ಚಿ ಕರೆದ: "ಗುರೂ, ಇಲ್ಲಿ ಬಾ. ಒಬ್ರು ತಾಯಿ ಮಾತಾಡ್ತಿದ್ದಾರೆ. ಮಗೂಗೆ ಜ್ವರ, ವಾರದಿಂದ ಮನೇಲೇ ಇದೆಯಂತೆ. ಆದ್ರೆ ನಮ್ಮ ಶಿಶುವಿಹಾರದಲ್ಲಿ ದಿನಾ ನಿದ್ದೆ ಮಾಡ್ತಿದೆಯಂತೆ."

"ಅಂದ್ರೆ?"

"ಫೋನಲ್ಲಿ ಚಂದ್ರ ಬರ್ತಿದೆ. ಅವರು ಕೇಳೋದಿಷ್ಟೇ: ನನ್ನ ಮಗು ನನ್ನ ಮಡಿಲಲ್ಲಿದೆ, ಹಾಗಾದ್ರೆ ಅಲ್ಲಿ ಮಲಗಿರೋದು ಯಾರು?"

ತಾತ ನಗಲಿಕ್ಕೆ ಹೊರಟವನು ನಗಲಿಲ್ಲ. ಮಗುವಿಲ್ಲದ ಹಾಸಿಗೆಯ ಮೇಲೆ ದಿನಾ ಮಧ್ಯಾಹ್ನ ಯಾರೋ ಬಂದು ಮಲಗುತ್ತಿದ್ದಾರೆ.

ಅಪ್ಪ ತನ್ನ ಹಳೆಯ ಪ್ರೊಸೀಜರನ್ನು ತೆರೆದು ಕೂತ. ಎಷ್ಟೋ ವರ್ಷ ಹಿಂದೆ ಬಿಟ್ಟು ಬಂದ ಬಾಡಿಗೆ ಮನೆಗೆ ಮತ್ತೆ ಕಾಲಿಟ್ಟಂತಿತ್ತು. ಯಾವ ಮೂಲೆಯಲ್ಲಿ ಏನು ಎಡವುತ್ತದೆಂದು ಕಾಲಿಗೇ ನೆನಪು. ಓದುತ್ತ ಓದುತ್ತ ಅಕ್ಷರಗಳು ಮಬ್ಬಾಗಿ, ಅವನ ಕಣ್ಣ ಮುಂದೆ ಒಬ್ಬ ಮನುಷ್ಯ ನಡೆಯತೊಡಗಿದ.

ಕೈಯಲ್ಲೊಂದು ತಟ್ಟೆ ಹಿಡಿದು ಅವನು ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಾನೆ. ಮೊದಲ ಹಾಸಿಗೆಯ ಮೇಲೆ ಚೆಂಡು ಸಿಕ್ಕಿತು. ತಟ್ಟೆಗೆ ಹಾಕಿದ, ತಟ್ಟೆಯಲ್ಲಿದ್ದುದನ್ನು ಕೂಗಿ ಹೇಳಿದ: ಚೆಂಡು! ಎರಡನೆಯದರಲ್ಲಿ ಚಂದ್ರ ಸಿಕ್ಕಿದ. ಚೆಂಡನ್ನು ತೆಗೆದು ಚಂದ್ರನನ್ನಿಟ್ಟ, ಕೂಗಿದ: ಚಂದ್ರ! ಮೂರನೆಯದರಲ್ಲಿ ಏನೂ ಸಿಗಲಿಲ್ಲ. ಆ ಹೊತ್ತಿನ ಸಾಲೇ ಇಲ್ಲ. ಏನೂ ಸಿಗದಾಗ ತಟ್ಟೆಯನ್ನು ಬರಿದು ಮಾಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ತಟ್ಟೆಯಲ್ಲಿ ಇನ್ನೂ ಪಕ್ಕದ ಹಾಸಿಗೆಯ ಚಂದ್ರ ಇದ್ದ. ಅವನು ಅದೇ ಗಟ್ಟಿ ಗಂಟಲಲ್ಲಿ ಕೂಗಿದ: ಚಂದ್ರ!

ಹೇಳದೆ ಬಿಟ್ಟವನು ತಾನೇ. ಸಾಲು ಇಲ್ಲದೆಯೂ ಇರಬಹುದೆಂಬುದು ಬರೆಯುವಾಗ ತಲೆಗೇ ಹೊಳೆದಿರಲಿಲ್ಲ. ಮಗು ಎಂದ ಮೇಲೆ ಏನಾದರೊಂದು ಮಾಡುತ್ತಿರುತ್ತದೆ ಎಂದುಕೊಂಡಿದ್ದ.

ಸರಿಪಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪ್ರತಿ ಹಾಸಿಗೆಗೆ ಹೋಗುವ ಮೊದಲು ತಟ್ಟೆ ತೊಳೆ; ನೋಡಿದ ಮೇಲೆ, ಸಿಕ್ಕಿತೋ ಇಲ್ಲವೋ ಕೇಳು; ಸಿಗದಿದ್ದರೆ ಸುಮ್ಮನಿರು. ಕಷ್ಟವಾದದ್ದು ಆ ಸುಮ್ಮನಿರುವುದನ್ನು ಕಂಪನಿ ನಡೆಸುವ ಮೇಡಂಗೆ ಒಪ್ಪಿಸುವುದು.

"ಖಾಲಿನಾ?" ಮೇಡಂ ಕನ್ನಡಕವನ್ನು ನೆತ್ತಿಗೇರಿಸಿದರು. "ತಲೆ ಕೆಟ್ಟಿದೆಯಾ ನಿಮಗೆ? ಫೋಟೋ ಪಕ್ಕದಲ್ಲಿ ಏನೂ ಇಲ್ಲ ಅಂದ್ರೆ ತಂದೆ ತಾಯಿ ಎದೆ ಒಡೆದು ಸಾಯ್ತಾರೆ. ಸಾಲು ಸಿಗಲಿಲ್ವಾ, ಚೆಂಡು ತೋರಿಸಿ. ಮಕ್ಕಳು ಹೇಗೂ ಆಡ್ತಾನೇ ಇರ್ತವೆ."

"ಆಡ್ತಿದೆ ಅಂತ ನಮಗೆ ಗೊತ್ತಿಲ್ವಲ್ಲ ಮೇಡಂ."

"ಮಲಗಿದೆ ಅಂತಾನೂ ಗೊತ್ತಿರಲಿಲ್ಲ. ಇಷ್ಟು ವರ್ಷ ಊರು ಮುಳುಗಿತಾ?"

"ಜ್ವರದ ಮಗು ಮಡಿಲಲ್ಲಿಟ್ಕೊಂಡು ಆ ತಾಯಿ ಈ ಸಲ ಚೆಂಡು ನೋಡ್ತಾರೆ. ಮಲಗಿರೋದು ಯಾರು ಅಂತ ಕೇಳಿದವರು, ಆಡ್ತಿರೋದು ಯಾರು ಅಂತ ಕೇಳ್ತಾರೆ. ಅಷ್ಟೇ ವ್ಯತ್ಯಾಸ."

ಮೂಲೆಯಲ್ಲಿ ತಾತ ಕೆಮ್ಮಿನೊಳಗೆ ನಗುವನ್ನು ಅಡಗಿಸಿದ. ಮೇಡಂ ಇಬ್ಬರನ್ನೂ ದಿಟ್ಟಿಸಿ ನೋಡಿದರು. "ಸರಿ. ನಿಮ್ಮ ಮಾತೇ ನಡೀಲಿ. ಇವತ್ತು ಮಧ್ಯಾಹ್ನಾನೇ ಹಾಕಿ. ಆದ್ರೆ ಹಾಕಿದ ಮೇಲೆ ಬರೋ ಕರೆಗಳಿಗೆಲ್ಲ ನೀವೇ ಉತ್ತರ ಕೊಡಬೇಕು. ಆ ಕುರ್ಚಿ ಬಿಟ್ಟು ಅಲ್ಲಾಡಿದ್ರೆ ನಾಳೆ ಅದರಲ್ಲಿ ಬೇರೆ ಯಾರೋ ಕೂತಿರ್ತಾರೆ."

ಅವನು ಒಪ್ಪಿಕೊಂಡ. ಹಳೆಯದರ ಜಾಗಕ್ಕೆ ಹೊಸದನ್ನು ಹಾಕುವ ಮೊದಲು ಒಂದು ಪರೀಕ್ಷೆ ಉಳಿದಿತ್ತು. ಕಳೆದ ತಿಂಗಳುಗಳ ಡೇಟಾದ ನಕಲಿನ ಮೇಲೆ ಹಳೆಯ ಪ್ರೊಸೀಜರನ್ನೂ ಹೊಸದನ್ನೂ ಓಡಿಸಿ, ಹಳೆಯದು ಚಿತ್ರ ತೋರಿಸಿ ಹೊಸದು ಖಾಲಿ ಬಿಟ್ಟ ಕಡೆಗಳನ್ನು ಮಾತ್ರ ಬೇರೆ ತೆಗೆದ.

ಒಂದೊಂದೇ ಪರದೆಯ ಮೇಲೆ ಬಂದವು. ಯಾವುದೋ ಮಗುವಿನ ಒಂದು ದಿನ, ನೆಗಡಿಯಿರಬೇಕು. ಇನ್ನೊಂದರ ಎರಡು ದಿನ; ಅಜ್ಜಿ ಮನೆಗೆ ಹೋಗಿರಬೇಕು. ಜ್ವರದ ಮಗುವಿನ ಒಂದು ವಾರ. ಆಮೇಲೆ ಒಂದೇ ಮಗು. ಅದೇ ಮಗು. ಮತ್ತೆ ಅದೇ. ಬೆರಳು ಒತ್ತಿದಷ್ಟೂ ಕೆಳಗಿಳಿಯುತ್ತ, ಮಧ್ಯಾಹ್ನದ ಹಿಂದೆ ಮಧ್ಯಾಹ್ನ, ಆ ಒಂದೇ ಮಗುವಿನ ಪಕ್ಕದಲ್ಲಿ ಬೆಳ್ಳಗೆ ಖಾಲಿ. ಆ ದಿನಗಳ ಪೂರ್ತಿ ದಾಖಲೆ ತೆರೆದ: ಬೆಳಗಿನ ಚೆಂಡು ಇದೆ, ಊಟದ ಬಟ್ಟಲು ಇದೆ. ಚಂದ್ರ ಇರಬೇಕಾದಲ್ಲಿ ಏನೂ ಇಲ್ಲ. ಅದರ ಮೇಲಿನ ಸಾಲಿನಲ್ಲಿ ಮಾತ್ರ ತಪ್ಪದೆ ಒಬ್ಬ ಚಂದ್ರ: ಪಕ್ಕದ ಹಾಸಿಗೆಯ ಹುಡುಗನದು. ಮಿಡತೆ ಅವನಿಗೆ ಗೊರಕೆರಾಯ ಎಂದು ಹೆಸರಿಟ್ಟಿದ್ದಳು.

ಮಗುವಿನ ಗುರುತಿನ ಸಂಖ್ಯೆಯನ್ನು ಅವನು ಎರಡನೆಯ ಸಲ ಓದಬೇಕಾಗಿರಲಿಲ್ಲ. ಅದು ಅವನಿಗೆ ಬಾಯಿಪಾಠ.

ಕುರ್ಚಿಯ ಕೆಳಗಿನ ನೆಲ ಮೆಲ್ಲಗೆ ಎಲ್ಲೋ ಹೊರಟುಹೋಯಿತು. ಇಷ್ಟು ದಿನ ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ್ದೆಲ್ಲ ಪರರ ಮಗನ ನಿದ್ದೆ. ಹಾಗಾದರೆ ಆ ಹೊತ್ತಿನಲ್ಲಿ ತನ್ನ ಮಗಳು ಎಲ್ಲಿದ್ದಳು?

ಅವನು ಎದ್ದ. "ತಾತ, ನಾನು ಶಿಶುವಿಹಾರಕ್ಕೆ ಹೋಗಿ ಬರ್ತೀನಿ. ಹೊತ್ತಿಗೆ ಸರಿಯಾಗಿ ಹೊಸದನ್ನ ನೀನೇ ಹಾಕಿಬಿಡು."

"ಈಗಲಾ? ಮೇಡಂ ಕುರ್ಚಿ ಬಗ್ಗೆ ಹೇಳಿದ್ದು ಕೇಳಿಸ್ಲಿಲ್ವಾ? ನೀನೆಲ್ಲಿ ಅಂದ್ರೆ ಏನಂತ ಹೇಳ್ಲಿ?"

"ಸಾಲು ಸಿಗಲಿಲ್ಲ ಅನ್ನು."

"ಅಯ್ಯೋ ಪುಣ್ಯಾತ್ಮ!" ಎಂದ ತಾತ. ಆದರೆ ಗೆಳೆಯನ ಮುಖ ನೋಡಿ ಕೈಬೀಸಿದ. "ಹೋಗು, ಹೋಗು. ಬೇಗ ಬಾ."

ಬೀದಿ ಬಿಸಿಲಿನಲ್ಲಿ ಅಲುಗದೆ ನಿಂತಿತ್ತು. ಅಂಗಡಿಗಳ ಬಾಗಿಲುಗಳು ಅರ್ಧ ಇಳಿದಿದ್ದವು. ಒಂದು ನಾಯಿ ತನ್ನ ನೆರಳಿನ ಮೇಲೇ ಅಳತೆ ನೋಡಿಕೊಂಡಂತೆ ಮಲಗಿತ್ತು. ದರ್ಜಿಯೊಬ್ಬ ಹೊಲಿಗೆ ಯಂತ್ರದ ಮೇಲೆ ಕೆನ್ನೆಯಿಟ್ಟಿದ್ದ. ಅವನ ಕಾಲು ಮಾತ್ರ ಕನಸಿನಲ್ಲಿ ಪೆಡಲು ತುಳಿಯುತ್ತಿತ್ತು. ಊರಿಗೆ ಊರೇ ಯಾರದೋ ತಟ್ಟೆಯಲ್ಲಿ ಉಳಿದ ಚಂದ್ರನ ಕೆಳಗೆ ನಿದ್ದೆ ಹೋಗಿದೆ, ಎಚ್ಚರವಿರುವವನು ತಾನೊಬ್ಬನೇ ಎನಿಸಿತು ಅವನಿಗೆ. ಓಡಬೇಕೆಂದು ಹೊರಟರೂ ಕಾಲುಗಳು ನೀರಿನಲ್ಲಿ ನಡೆದಂತೆ ನಿಧಾನವಾಗಿ ಎದ್ದು ಬೀಳುತ್ತಿದ್ದವು.

ಶಿಶುವಿಹಾರದ ಬಾಗಿಲು ತೆರೆದ ಆಂಟಿ ತುಟಿಗೆ ಬೆರಳಿಟ್ಟಳು. ಹಗಲಿನ ಪಾಳಿಯವಳು. ಸಂಜೆ ಮಗಳನ್ನು ಕೈಗೊಪ್ಪಿಸುವವಳು ಬೇರೆ. ಇವಳ ಮುಖವನ್ನು ಅವನು ಸರಿಯಾಗಿ ನೋಡಿದ್ದು ಇದೇ ಮೊದಲು.

ಕೋಣೆ ಅವನು ಕಲ್ಪಿಸಿಕೊಂಡಿದ್ದ ಹಾಗೆಯೇ ಇತ್ತು. ಹಸಿರು ನೆರಳು, ಸಾಲು ಹಾಸಿಗೆಗಳು, ಉಸಿರಿನ ಸದ್ದು. ಗೊರಕೆರಾಯ ತನ್ನ ಹೆಸರಿಗೆ ಕುಂದು ಬಾರದಂತೆ ಮಲಗಿದ್ದ. ಪಕ್ಕದ ಹಾಸಿಗೆಯ ಹೊದಿಕೆ ಬೆಳಿಗ್ಗೆ ಮಡಿಸಿಟ್ಟದ್ದು ಮಡಿಸಿದಂತೆಯೇ ಇತ್ತು.

ಕಿಟಕಿಯ ಕೆಳಗೆ, ಚಪ್ಪಲಿಗಳನ್ನಿಡುವ ಮರದ ಹಲಗೆಯ ಮೇಲೆ, ಮಿಡತೆ ಕೂತಿದ್ದಳು. ನಿಂತಲ್ಲಿ ನಿಲ್ಲದ ಹುಡುಗಿ ಕೈಗಳೆರಡನ್ನೂ ತೊಡೆಯ ಕೆಳಗಿಟ್ಟುಕೊಂಡು, ಕಣ್ಣನ್ನು ಬಲವಂತವಾಗಿ ಅಗಲಿಸಿಕೊಂಡು, ಗೊಂಬೆಯಂತೆ ಕೂತಿದ್ದಳು. ರೆಪ್ಪೆ ಇಳಿದಾಗಲೆಲ್ಲ ತಲೆ ಕೊಡವುತ್ತಿದ್ದಳು.

"ಸೇರಿದಾಗಿನಿಂದಲೂ ಹೀಗೇ ಸಾರ್," ಆಂಟಿ ಪಿಸುಗುಟ್ಟಿದಳು. "ಮಲಗು ಅಂದ್ರೆ ಬೇಡ. ಆಡು ಅಂದ್ರೆ ಎಲ್ಲರೂ ಏಳ್ತಾರೆ, ಬೇಡ ಅಂತಾಳೆ. ಗಲಾಟೆ ಇಲ್ಲ, ಅಳು ಇಲ್ಲ. ಸುಮ್ನೆ ಕೂತಿರ್ತಾಳೆ."

"ನೀವು ಏನೂ ಒತ್ತಲಿಲ್ವಲ್ಲ ಅಮ್ಮಾ..."

"ಏನು ಒತ್ಲಿ? ಮಲಗಿದ್ರೆ ಚಂದ್ರ, ಆಡಿದ್ರೆ ಚೆಂಡು. ಕೂತಿರೋದಕ್ಕೆ ಚಿತ್ರ ಎಲ್ಲಿದೆ? ಇಲ್ಲದ್ದನ್ನ ಒತ್ತಿ ಸುಳ್ಳು ಹೇಳೋದ್ಯಾಕೆ ಅಂತ ಬಿಟ್ಟೆ. ಖಾಲಿ ಇರೋದು ನೋಡಿ ಮನೆಯವರಿಗೆ ಗೊತ್ತಾಗಿರುತ್ತೆ, ಗೊತ್ತಿದ್ದೂ ಸುಮ್ನಿದ್ದಾರೆ ಅಂದ್ಕೊಂಡೆ." ಆಮೇಲೆ ಸೇರಿಸಿದಳು: "ತಪ್ಪು ತಿಳೀಬೇಡಿ, ಎಂಥಾ ಅಪ್ಪ ಅಮ್ಮ ಅಂತಾನೂ ಅಂದ್ಕೊಂಡೆ."

ಅವನು ತಲೆಯಾಡಿಸಿದ. ಹೋಗಿ ಹಲಗೆಯ ಪಕ್ಕ ನೆಲದ ಮೇಲೆ ಕೂತ. ಮಿಡತೆ ಅವನನ್ನು ಕಂಡು ಆಶ್ಚರ್ಯಪಡಲಿಲ್ಲ. ನಿದ್ದೆಯ ಅಂಚಿನಲ್ಲಿರುವವರಿಗೆ ಯಾವುದೂ ಆಶ್ಚರ್ಯವಲ್ಲ.

"ಅಪ್ಪಾ, ಸಂಜೆ ಆಯ್ತಾ?"

"ಇಲ್ಲ ಪುಟ್ಟಾ. ಯಾಕಮ್ಮ ಮಲಗಲ್ಲ ನೀನು?"

ಅವಳು ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದಳು. "ಮಲಗಿದ್ರೆ ಏಳಬೇಕಲ್ಲ."

"ಎದ್ರೆ ಏನಾಯ್ತು?"

"ಎದ್ರೆ ನೀನಿರಬೇಕಲ್ಲ. ನೀನು ಆಫೀಸಲ್ಲಿ ಇರ್ತೀಯ." ಆಕಳಿಕೆಯೊಂದು ಬಂದು ಮಾತನ್ನು ಎರಡು ತುಂಡು ಮಾಡಿತು. "ಅದಕ್ಕೇ ನಾನು ಒಂದ್ಸಲಾನೂ ಮಲಗಿಲ್ಲ. ಒಂದ್ಸಲಾನೂ ಎದ್ದಿಲ್ಲ."

ಅಪ್ಪ ಕೊಟ್ಟು ಮರೆತ ಮಾತನ್ನು ನಾಲ್ಕು ವರ್ಷದ ಹುಡುಗಿ ಇಷ್ಟು ದಿನ ಮುರಿಯದ ಹಾಗೆ ಕಾದುಕೊಂಡು ಕೂತಿದ್ದಳು, ಚಪ್ಪಲಿ ಹಲಗೆಯ ಮೇಲೆ, ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು.

"ಈಗ ಮಲಕ್ಕೋ," ಎಂದ. "ನಾನಿದ್ದೀನಲ್ಲ."

"ಹೋಗಲ್ವಾ?"

"ಹೋಗಲ್ಲ."

"ಆಮೇಲೆ? ಎದ್ದಾಗ?"

"ನೀನು ಯಾವಾಗ ಎದ್ರೂ..." ಎಂದು ಶುರು ಮಾಡಿದವನು, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ, ಒಂದೊಂದು ಪದವನ್ನೂ ಹೊಸ ನೀರಲ್ಲಿ ಕಾಲಿಡುವಂತೆ ಜೋಪಾನವಾಗಿ ಹೇಳಿದ. "ಅಪ್ಪ ಪಕ್ಕದಲ್ಲೇ ಇರ್ತಾನೆ."

ಎತ್ತಿ ಹಾಸಿಗೆಯಲ್ಲಿ ಮಲಗಿಸಿದ. ಅವನ ತೋರುಬೆರಳನ್ನು ಹಿಡಿದುಕೊಂಡು, ಕಲ್ಲು ಬಾವಿಯೊಳಗೆ ಇಳಿಯುವಂತೆ ನೇರ ನಿದ್ದೆಗೆ ಇಳಿದುಹೋದಳು.

ಜೇಬಿನಲ್ಲಿ ಫೋನು ಅದುರಿತು. ತಾತನ ಸಂದೇಶ: ಹಾಕಿದೆ. ತೆರೆದು ನೋಡಿದರೆ ಮಿಡತೆಯ ಫೋಟೋ ಪಕ್ಕದಲ್ಲಿ ಏನೂ ಇರಲಿಲ್ಲ. ಊರಿನ ಉದ್ದಗಲಕ್ಕೂ ಈಗ, ಮಲಗದ ಮಕ್ಕಳ ಪಕ್ಕದಿಂದ, ಮನೆಯಲ್ಲುಳಿದ ಮಕ್ಕಳ ಪಕ್ಕದಿಂದ, ಎರವಲು ಚಂದ್ರರು ಒಬ್ಬೊಬ್ಬರಾಗಿ ಆರುತ್ತಿರಬೇಕು. ಎಲ್ಲೋ ಒಬ್ಬ ಅಡುಗೆಯವನು ಸೌಟು ಹಿಡಿದು ನಿಂತಿರಬೇಕು. ಎಲ್ಲೋ ಒಬ್ಬಳು ನರ್ಸು ಕಾರಿಡಾರಿನ ನಡುವೆ. ಬೆಳ್ಳಗಿನ ಆ ಖಾಲಿಯನ್ನು ದಿಟ್ಟಿಸುತ್ತ, ತಮ್ಮ ಮಗು ಈ ಗಳಿಗೆ ಏನು ಮಾಡುತ್ತಿದೆಯೆಂದು ಎಷ್ಟೋ ದಿನದ ಮೇಲೆ ಅವರು ನಿಜವಾಗಿ ಯೋಚಿಸುತ್ತಿರಬೇಕು.

ಮತ್ತೆ ಅದುರಿತು. ತಾತ: ಫೋನುಗಳು ಹುಚ್ಚೆದ್ದು ಬಡ್ಕೊಳ್ತಿವೆ. ಬೇಗ ಬಾ.

ಮತ್ತೆ: ಮೇಡಂ ನಿನ್ನ ಕುರ್ಚಿ ಮುಂದೆ ನಿಂತಿದ್ದಾರೆ. ಈಗ ಬರಲಿಲ್ಲ ಅಂದ್ರೆ ನಾಳೆ ಬರೋದು ಬೇಡ ಅಂತಿದ್ದಾರೆ. ತಮಾಷೆ ಅಲ್ಲ ಗುರೂ.

ಅವನು ಬೆರಳನ್ನು ಮೆಲ್ಲಗೆ ಎಳೆದು ನೋಡಿದ. ಹಿಡಿತ ಸಡಿಲವೇ ಇತ್ತು, ಬಿಡಿಸಿಕೊಳ್ಳಬಹುದಿತ್ತು. ಆಫೀಸು ಮೂರೇ ಬೀದಿ ಆಚೆ. ಓಡಿ ಹೋಗಿ, ಬೈಸಿಕೊಂಡು, ನಾಲ್ಕು ಕರೆ ಎತ್ತಿ, ಅವಳು ಏಳುವುದರೊಳಗೆ ಮತ್ತೆ ಓಡಿ ಬರಬಹುದು. ಬರಬಹುದೇ? ಅವಳು ಏಳುವ ಹೊತ್ತು ಅವನಿಗೆ ಗೊತ್ತಿರಲಿಲ್ಲ. ಈ ಕೋಣೆಯಲ್ಲಿ ಅವಳು ಒಮ್ಮೆಯೂ ಎದ್ದಿರಲಿಲ್ಲವಲ್ಲ.

ಮೇಡಂ ಹೆಸರು ಪರದೆಯ ಮೇಲೆ ಕುಣಿಯತೊಡಗಿತು. ಅವನು ಕುಣಿಯಲು ಬಿಟ್ಟ.

ಕೋಣೆಯ ಆ ತುದಿಯಲ್ಲಿ ಆಂಟಿ ಟ್ಯಾಬ್ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆದು ಬರುತ್ತಿದ್ದಳು, ಒಂದೊಂದು ಕಡೆ ನಿಂತು, ಬಗ್ಗಿ ನೋಡಿ, ಬೆರಳೊತ್ತುತ್ತ. ಗೊರಕೆರಾಯನ ಬಳಿ ನಿಂತಳು. ಒತ್ತಿದಳು. ಮಿಡತೆಯ ಬಳಿ ಬಂದಳು. ಬಗ್ಗಿ ತುಂಬ ಹೊತ್ತು ನೋಡಿದಳು. ಆಮೇಲೆ ಒತ್ತಿದಳು.

ಅವನ ಕೈಯೊಳಗೆ ಫೋನು ಮಿಣುಕಿತು. ಖಾಲಿಯಿದ್ದಲ್ಲಿ ಚಂದ್ರ ಮೂಡಿದ.

ಅದೇ ಚಿತ್ರ, ಅದೇ ಹಳದಿ. ಅವನು ಫೋನನ್ನು ಬೋರಲಾಗಿ ನೆಲದ ಮೇಲಿಟ್ಟು ಅದನ್ನು ಬಿಟ್ಟು ಮಗಳನ್ನು ನೋಡಿದ. ಬಾಯಿ ತೆರೆದಿರಲಿಲ್ಲ, ಅಷ್ಟು ದಿನ ಅವನು ತಪ್ಪಾಗಿ ಕಲ್ಪಿಸಿಕೊಂಡಿದ್ದ. ತುಟಿಗಳನ್ನು ಬಿಗಿಯಾಗಿ ಒತ್ತಿಕೊಂಡು, ಏನೋ ಮುಖ್ಯ ಕೆಲಸದಲ್ಲಿರುವವಳಂತೆ ಮಲಗಿದ್ದಳು. ಅವನು ಗೋಡೆಗೆ ಒರಗಿದ. ಪರದೆ ಉಬ್ಬಿತು, ಇಳಿಯಿತು. ಫೋನು ನೆಲದ ಮೇಲೆ ಅಂಗಾತ ಬಿದ್ದ ಜೀರುಂಡೆಯಂತೆ ಗುಂಯ್‌ಗುಟ್ಟಿತು. ಆ ಸದ್ದು ದೂರ ಸರಿಯಿತು, ಇನ್ನೂ ದೂರ. ತಟ್ಟೆ ಹಿಡಿದ ಮನುಷ್ಯ ಬಂದು ಅವನ ಮುಂದೆ ನಿಂತ. ತಟ್ಟೆ ತೊಳೆದು ಫಳಫಳ ಹೊಳೆಯುತ್ತಿತ್ತು. ಇಲ್ಲೇನಿದೆ ಎಂದು ಕೇಳಿದ. ಅಪ್ಪನಿಗೆ ಉತ್ತರ ಗೊತ್ತಿತ್ತು. ಹೇಳುವಷ್ಟರಲ್ಲಿ ಕಣ್ಣು ಮುಚ್ಚಿತು.

ಬಿಸಿಲು ಕಿಟಕಿಯಿಂದ ಗೋಡೆಗೆ ಹತ್ತಿ, ಗೋಡೆಯಿಂದ ಸೂರಿಗೆ ಹತ್ತಿತು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಆಚೆ ಹೋದರು. ಗೊರಕೆರಾಯ ಕೂಡ ಎದ್ದ. ತನಗಿಂತ ಜೋರಾಗಿ ಗೊರಕೆ ಹೊಡೆಯುತ್ತಿದ್ದ ದೊಡ್ಡ ಮನುಷ್ಯನೊಬ್ಬನನ್ನು ಕಂಡು ಸ್ವಲ್ಪ ಹೊತ್ತು ಗೌರವದಿಂದ ನಿಂತು ನೋಡಿ ಹೋದ.

ಎಲ್ಲರಿಗಿಂತ ಕೊನೆಗೆ ಮಿಡತೆಗೆ ಎಚ್ಚರವಾಯಿತು. ಅಪ್ಪ ಪಕ್ಕದಲ್ಲೇ ಇದ್ದ.